ಉಣುಗು ಎಣಿಸುವ ಹುಡುಗಿಯೂ ನೀಟ್ ಬರೆಯಬೇಕಾ?

ಬಯಾಲಜಿ_ಮೇಷ್ಟ್ರು (ಪ್ರಶ್ನೆ)

ಸಾಗರದ ಕಡೆ ಒಂದು ಪಿಯು ಕಾಲೇಜಿನಲ್ಲಿ ಹತ್ತೊಂಬತ್ತು ವರ್ಷದಿಂದ ಜೀವಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಒಂದು ವಿಷಯ ಕೆಲವು ದಿನದಿಂದ ತಲೆ ಕೊರೆಯುತ್ತಿದೆ. ಇಲ್ಲಿ ಡಾಕ್ಟರುಗಳೂ ಇದ್ದೀರಿ, ಪಿಎಚ್‌ಡಿ ಮಾಡುವವರೂ ಇದ್ದೀರಿ. ಅದಕ್ಕೇ ಕೇಳುತ್ತಿದ್ದೇನೆ.

ದ್ವಿತೀಯ ಪಿಯುಸಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಮನೆ ಕಾಡಿನ ಅಂಚಿನಲ್ಲಿ. ದೀಪಾವಳಿ ಕಳೆದ ಮೇಲೆ ಒಂದು ಬೆಳಗ್ಗೆ ಹಾರ್ಲಿಕ್ಸ್ ಬಾಟಲಿ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದಳು. ಒಳಗೆ ಉಣುಗು. ಕೊಟ್ಟಿಗೆಯ ದನದ ಮೈಯಿಂದ ಕಿತ್ತದ್ದು.

"ಸರ್, ಇದಕ್ಕೆ ಆರೇ ಕಾಲು ಇದೆ. ಉಣುಗು ಜೇಡದ ಕಡೆಯದು, ಎಂಟು ಕಾಲು ಅಂತ ನೀವೇ ಹೇಳಿದ್ರಿ. ಹಾಗಾದ್ರೆ ಇದೇನು?"

ಮೊದಲು ಬೈದೆ. ನಮ್ಮ ಕಡೆ ಉಣುಗಿನಿಂದ ಹರಡುವ ಮಂಗನ ಕಾಯಿಲೆ ಶುರುವಾಗುವ ಹೊತ್ತಿನಲ್ಲಿ ಉಣುಗನ್ನು ಬಾಟಲಿಯಲ್ಲಿ ಸಾಕುತ್ತಾರಾ ಯಾರಾದರೂ? ಬೈದು ಮುಗಿದ ಮೇಲೆ ನನಗೂ ತಡೆಯಲಿಲ್ಲ. ಬಾಟಲಿಗೆ ಸ್ಪಿರಿಟ್ ಸುರಿದೆವು. ಸತ್ತವನ್ನು ಸೂಜಿಯ ತುದಿಯಲ್ಲಿ ಎತ್ತಿ ಸ್ಲೈಡಿಗೆ ಹಾಕಿ ಮೈಕ್ರೋಸ್ಕೋಪಿನಡಿ ಇಟ್ಟೆವು. ಸಾಸಿವೆಗಿಂತ ಚಿಕ್ಕದು. ಎಣಿಸಿದೆವು. ಆರೇ. ಪಕ್ಕದಲ್ಲಿದ್ದ ಸ್ವಲ್ಪ ದೊಡ್ಡದಕ್ಕೆ ಎಂಟು. ಉಣುಗಿನ ಮರಿಗೆ ಆರು ಕಾಲು ಇರುತ್ತದೆ, ಒಮ್ಮೆ ಪೊರೆ ಕಳಚಿದ ಮೇಲೆ ಎಂಟಾಗುತ್ತದೆ. ಎಂಎಸ್ಸಿಯಲ್ಲಿ ಓದಿದ್ದೆ, ಪೂರ್ತಿ ಮರೆತಿದ್ದೆ. ಅವಳಿಗೆ ಓದದೇ ಸಿಕ್ಕಿತು.

ಅಲ್ಲಿಂದ ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ಯಾವ ದನ, ಯಾವ ವಾರ, ಎಷ್ಟು ಉಣುಗು, ಕಿವಿಯಲ್ಲೆಷ್ಟು, ಕೆಚ್ಚಲ ಹತ್ತಿರ ಎಷ್ಟು. ಜರ್ಸಿ ಕ್ರಾಸ್ ಮೈಮೇಲೆ ಜಾಸ್ತಿ, ಮಲೆನಾಡು ಗಿಡ್ಡದ ಮೈಮೇಲೆ ಕಮ್ಮಿ ಅಂತ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದಾಳೆ. ಯಾರೂ ಹೇಳಿಕೊಟ್ಟದ್ದಲ್ಲ.

ಹೋದ ವಾರ ಮುಂದೇನು ಅಂತ ಕೇಳಿದೆ. "ನೀಟ್ ಸರ್. ಎಂಬಿಬಿಎಸ್. ಸಿಗದಿದ್ರೆ ಲಾಂಗ್ ಟರ್ಮ್ ಕೋಚಿಂಗ್."

ಇವಳೊಬ್ಬಳೇ ಆಗಿದ್ದರೆ ಕೇಳುತ್ತಿರಲಿಲ್ಲ. ಈ ಹತ್ತೊಂಬತ್ತು ವರ್ಷದಲ್ಲಿ ನಿಜವಾಗಿಯೂ ವಿಜ್ಞಾನದ ಹುಚ್ಚು ಹತ್ತಿದ್ದ ಮಕ್ಕಳು ಅಂತ ನನ್ನ ಲೆಕ್ಕಕ್ಕೆ ಸಿಗುವವರು ಹದಿನಾಲ್ಕು ಜನ. ಹನ್ನೊಂದು ಜನ ಡಾಕ್ಟರಾದರು, ಇಲ್ಲಾ ಡಾಕ್ಟರಾಗಲು ಹೋಗಿ ಎರಡು ಮೂರು ವರ್ಷ ಕಳೆದುಕೊಂಡರು. ಇಬ್ಬರು ಎಂಜಿನಿಯರು. ಒಬ್ಬ ಎಂಎಸ್ಸಿ ಮಾಡಿ ಈಗ ನನ್ನ ಹಾಗೆ ಮೇಷ್ಟ್ರು. ಸಂಶೋಧನೆಗೆ ಅಂತ ಹೋದವರು ಸೊನ್ನೆ.

ಅದೂ ಎಲ್ಲಿ? ಕ್ಯಾಸನೂರು ಕಾಡು ಪಕ್ಕದ ಸೊರಬ ತಾಲ್ಲೂಕಿನಲ್ಲಿದೆ. 1957ರಲ್ಲಿ ಅಲ್ಲಿ ಮಂಗಗಳು ಸಾಯತೊಡಗಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಹಳದಿ ಜ್ವರವೇನಾದರೂ ನಮ್ಮ ದೇಶಕ್ಕೆ ಕಾಲಿಟ್ಟಿತಾ ಅನ್ನುವ ಗಾಬರಿ ಅವರಿಗೆ. ಹುಡುಕಿದರೆ ಸಿಕ್ಕಿದ್ದು ಹೊಸ ವೈರಸ್, ಈ ಮಂಗನ ಕಾಯಿಲೆಯದು. ಅದು ಉಣುಗಿನಿಂದ ಹರಡುತ್ತದೆ ಅನ್ನೋದೂ ಗೊತ್ತಾಯಿತು. ಇಡೀ ಜಗತ್ತು ಆ ಕಾಯಿಲೆಯನ್ನು ನಮ್ಮ ಕಾಡಿನ ಹೆಸರಿನಿಂದಲೇ ಕರೆಯುತ್ತದೆ. ಆ ಕಾಡಿನ ಮಗ್ಗುಲಿನ ಹುಡುಗಿ ಉಣುಗಿನ ಕಾಲು ಎಣಿಸಿ, ಮಾರನೇ ದಿನ ಮಾಕ್ ಟೆಸ್ಟಿಗೆ ಹೋಗುತ್ತಾಳೆ.

ಯಾಕೆ ಹೀಗೆ? ದಯವಿಟ್ಟು "ದುಡ್ಡು" ಅಂತ ಒಂದೇ ಪದದಲ್ಲಿ ಮುಗಿಸಬೇಡಿ.

ಸುಮ್ನೆ_ಓದುಗ

ದುಡ್ಡು.

ಪಿಎಚ್‌ಸಿ_ಡ್ಯೂಟಿ

ಮೇಲಿನವರ ಉತ್ತರ ಅರ್ಧ ಸರಿ, ಬಿಡಿ. ಉಳಿದರ್ಧ ನಾನು ಹೇಳುತ್ತೇನೆ. ಆ ಹನ್ನೊಂದು ಜನರಲ್ಲಿ ನಾನೂ ಒಬ್ಬ ಇದ್ದ ಹಾಗೆ. ನಿಮ್ಮ ಕಾಲೇಜಲ್ಲ, ಹಾಸನದ ಕಡೆ.

ನನಗೆ ಹುಚ್ಚಿದ್ದದ್ದು ಕಪ್ಪೆಗಳ ಮೇಲೆ. ಮಳೆಗಾಲದಲ್ಲಿ ಯಾವ ಕಪ್ಪೆ ಎಷ್ಟು ಹೊತ್ತಿಗೆ ಕೂಗುತ್ತದೆ ಅಂತ ಬರೆದಿಡುತ್ತಿದ್ದೆ. ಆದರೆ ವಿಜ್ಞಾನ ಓದಿ ಬದುಕಿದವರು ಅಂತ ನಮ್ಮೂರಲ್ಲಿ ನಾನು ಕಣ್ಣಾರೆ ಕಂಡದ್ದು ಮೂರೇ ಥರದವರನ್ನು. ಡಾಕ್ಟರು, ಎಂಜಿನಿಯರು, ಮೇಷ್ಟ್ರು. ಸಂಶೋಧಕ ಅನ್ನೋನು ಒಬ್ಬನೂ ನಮ್ಮೂರಿನ ಬಸ್ಸಿನಿಂದ ಇಳಿದದ್ದಿಲ್ಲ. ಅವನು ಬೆಳಗ್ಗೆ ಎದ್ದು ಏನು ಮಾಡುತ್ತಾನೆ, ಅವನಿಗೆ ಸಂಬಳ ಯಾರು ಕೊಡುತ್ತಾರೆ, ಯಾರಿಗೂ ಗೊತ್ತಿಲ್ಲ. ನೋಡದ ಕೆಲಸವನ್ನು ಹದಿನೇಳು ವರ್ಷಕ್ಕೆ ಆಸೆಪಡೋದು ಹೇಗೆ ಹೇಳಿ?

ಎರಡನೆಯದು, ನಮಗೆ ಡಾಕ್ಟರಿಕೆಯೇ ವಿಜ್ಞಾನ ಅನ್ನಿಸಿತ್ತು. ಜೀವಿಗಳ ಬಗ್ಗೆ ಆಸೆ ಇದೆಯಾ? ಹಾಗಾದರೆ ಎಂಬಿಬಿಎಸ್. ಇದು ಮೋಸ ಅಂತ ಹೇಳಲ್ಲ. ಆದರೆ ಮೊದಲ ವರ್ಷ ಅನಾಟಮಿ ಬಾಯಿಪಾಠ ಮಾಡುವಾಗಲೇ ಗೊತ್ತಾಯಿತು, ಇದು ಬೇರೆಯದೇ ಕಸುಬು. ಇಲ್ಲಿ ಉತ್ತರ ಗೊತ್ತಿರಬೇಕು. ಬೇಗ ಗೊತ್ತಿರಬೇಕು. ಗೊತ್ತಿಲ್ಲದ್ದನ್ನು ಬೆನ್ನು ಹತ್ತಿಕೊಂಡು ಹೋಗಲು ಟೈಮಿಲ್ಲ. ನನ್ನ ಒಪಿಡಿಯಲ್ಲಿ ಮಂಗಳವಾರ ಸಂತೆ ದಿನ ನೂರಿಪ್ಪತ್ತು ಜನ. ಒಬ್ಬರಿಗೆ ಎರಡು ನಿಮಿಷ. ಯಾಕೆ ಈ ಊರಿನಲ್ಲಿ ಇಷ್ಟು ಜನರಿಗೆ ಇದೇ ಥರ ಮೈ ತುರಿಕೆ ಅಂತ ತಲೆಯಲ್ಲಿ ಬರುತ್ತದೆ. ಅಷ್ಟರಲ್ಲಿ ಮುಂದಿನ ಚೀಟಿ.

ಒಂದು ಸಂಗತಿ ಹೇಳಲೇಬೇಕು. ಬಯೋಕೆಮಿಸ್ಟ್ರಿಯಲ್ಲಿ ರಕ್ತದ ಫಾಸ್ಫರಸ್ ಅಳೆಯಲು ಫಿಸ್ಕೆ–ಸುಬ್ಬರಾವ್ ವಿಧಾನ ಅಂತ ಬರುತ್ತದೆ. ಪರೀಕ್ಷೆಗೆ ಹೆಸರು ಉರು ಹೊಡೆದೆವು. ಆ ಸುಬ್ಬರಾವ್ ಯಾರು ಅಂತ ನಾವು ನೂರೈವತ್ತು ಜನರಲ್ಲಿ ಒಬ್ಬರೂ ಕೇಳಲಿಲ್ಲ. ಆಮೇಲೆ ಗ್ರಾಮೀಣ ಸೇವೆಗೆ ಕಲಬುರಗಿ ಕಡೆ ಹಾಕಿದರು. ಆನೆಕಾಲು ರೋಗದ ಡಿಇಸಿ ಮಾತ್ರೆಯನ್ನು ಮನೆ ಮನೆಗೆ ಹೋಗಿ ನುಂಗಿಸಬೇಕು. ಕೈಗೆ ಕೊಟ್ಟು ಬಂದರೆ ನುಂಗಲ್ಲ, ಮಾಡಿನ ಸಂದಿಗೆ ಸಿಕ್ಕಿಸಿಡುತ್ತಾರೆ. ಅದಕ್ಕೆ ಎದುರಿಗೇ ನುಂಗಿಸಬೇಕು. ಒಂದು ರಾತ್ರಿ ಕರೆಂಟಿಲ್ಲದೆ ಕೂತಿದ್ದಾಗ ಮೊಬೈಲಿನಲ್ಲಿ ಓದಿದೆ. ಆ ಮಾತ್ರೆ ಬಂದದ್ದು ಅಮೆರಿಕದ ಲೆಡರ್ಲಿ ಪ್ರಯೋಗಾಲಯದಿಂದ, ಅಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಯಲ್ಲಾಪ್ರಗಡ ಸುಬ್ಬರಾವ್. ಅದೇ ಸುಬ್ಬರಾವ್. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದಿದವರು. ಖಾದಿ ಹಾಕಿದ್ದಕ್ಕೆ ಸರ್ಜರಿ ಪ್ರೊಫೆಸರ್ ಸಿಟ್ಟಾಗಿ, ಎಂಬಿಬಿಎಸ್ ಬದಲು ಅದಕ್ಕಿಂತ ಕೆಳಗಿನ ಎಲ್‌ಎಂಎಸ್ ಸಿಕ್ಕಿದವರು. ನಾಲ್ಕು ತಿಂಗಳಿಂದ ನಾನು ಅವರ ಮಾತ್ರೆ ಹಂಚುತ್ತಿದ್ದೆ, ಗೊತ್ತೇ ಇರಲಿಲ್ಲ.

ಪಶ್ಚಾತ್ತಾಪ ಇದೆಯಾ ಅಂದರೆ, ಇಲ್ಲ. ಹೋದ ತಿಂಗಳು ನಾಗರಹಾವು ಕಚ್ಚಿದ ಒಬ್ಬ ಹುಡುಗನನ್ನು ಉಳಿಸಿದೆವು. ಆ ಖುಷಿ ಯಾವ ರಿಸರ್ಚ್ ಪೇಪರಿನಲ್ಲೂ ಸಿಗಲ್ಲ ಅಂದುಕೊಳ್ಳುತ್ತೇನೆ. ಕಪ್ಪೆ ನೋಟ್‌ಬುಕ್ ಮಾತ್ರ ಎಲ್ಲಿ ಹೋಯಿತೋ.

ಒಂದು ಪ್ರಶ್ನೆ ಮೇಷ್ಟ್ರೇ. ನಮ್ಮನ್ನೆಲ್ಲ ಕೇಳಿದಿರಿ. ಅವಳನ್ನೇ ಕೇಳಿದಿರಾ, ಯಾಕಮ್ಮಾ ಅಂತ?

ಆರನೇ_ವರ್ಷದ_ಪಿಎಚ್‌ಡಿ

ದುಡ್ಡಿನ ಮಾತು ಬೇಡ ಅಂದಿರಿ. ಆದರೆ ಲೆಕ್ಕ ಗೊತ್ತಿಲ್ಲದೆ ಯಾರನ್ನೂ ಈ ಕಡೆ ಕರೆಯಬಾರದು ಸರ್. ಅದಕ್ಕೆ ನನ್ನದೇ ಲೆಕ್ಕ.

ಬಿಎಸ್ಸಿ ಮೂರು ವರ್ಷ, ಎಂಎಸ್ಸಿ ಎರಡು. ಆಮೇಲೆ ಫೆಲೋಶಿಪ್ಪಿನ ನೆಟ್ ಪರೀಕ್ಷೆ ಪಾಸು ಮಾಡಿ 2020ರಲ್ಲಿ ಬೆಂಗಳೂರಿನ ಒಂದು ಲ್ಯಾಬಿಗೆ ಸೇರಿದೆ. ಆಗ ಜೆಆರ್‌ಎಫ್, ಅಂದರೆ ಮೊದಲ ಎರಡು ವರ್ಷದ ಫೆಲೋಶಿಪ್, ತಿಂಗಳಿಗೆ 31 ಸಾವಿರ, ಜೊತೆಗೆ ಮನೆ ಬಾಡಿಗೆ ಭತ್ಯೆ. ಎರಡು ವರ್ಷವಾದ ಮೇಲೆ ಎಸ್‌ಆರ್‌ಎಫ್, 35 ಸಾವಿರ. 2023ರ ಜನವರಿಯಿಂದ ಲೆಕ್ಕ ಹಾಕಿ ಜೆಆರ್‌ಎಫ್ 37 ಸಾವಿರ, ಎಸ್‌ಆರ್‌ಎಫ್ 42 ಸಾವಿರ ಮಾಡಿದರು. ಕಾಗದದ ಮೇಲೆ ಕೆಟ್ಟ ದುಡ್ಡಲ್ಲ. ಆದರೆ ಅದು ತಿಂಗಳಾ ತಿಂಗಳಾ ಬರಬೇಕಲ್ಲ! ಒಂದು ಸಲ ಐದು ತಿಂಗಳು ಬರಲಿಲ್ಲ. ಮೆಸ್ ಬಿಲ್ಲನ್ನು ರೂಮ್‌ಮೇಟ್ ಕಟ್ಟಿದ. ಅವನು ಸಾಫ್ಟ್‌ವೇರ್. ಅಪ್ಪನಿಗೆ ಫೋನ್ ಮಾಡಿ ದುಡ್ಡು ಕೇಳುವ ವಯಸ್ಸು ದಾಟಿತ್ತು, ಕೇಳಿದೆ. ಐದು ವರ್ಷಕ್ಕೆ ಫೆಲೋಶಿಪ್ ಮುಗಿಯಿತು, ಕೆಲಸ ಮುಗಿದಿಲ್ಲ. ಈಗ ಗೈಡ್ ಯಾವುದೋ ಪ್ರಾಜೆಕ್ಟಿನಲ್ಲಿ ಹೇಗೋ ಹೊಂದಿಸಿದ್ದಾರೆ.

ತಂಗಿಯ ಮದುವೆಗೆ ಸಾಲ ಕೇಳಲು ಬ್ಯಾಂಕಿಗೆ ಹೋಗಿದ್ದೆ. ಸ್ಯಾಲರಿ ಸ್ಲಿಪ್ ಕೊಡಿ ಅಂದರು. ಫೆಲೋಶಿಪ್ ಪತ್ರ ಕೊಟ್ಟೆ. ಮ್ಯಾನೇಜರ್ ತಿರುಗಿಸಿ ತಿರುಗಿಸಿ ನೋಡಿದರು. "ಇದು ಸಂಬಳಾನಾ, ಸ್ಕಾಲರ್‌ಶಿಪ್ಪಾ?" ನಾನು ಹೇಳಲಾಗದೆ ನಿಂತೆ. ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.

ನನ್ನ ಪಿಯು ಬೆಂಚ್‌ಮೇಟ್ ಡಾಕ್ಟರಾದ. ಅವನದೂ ಸುಖದ ಕಥೆ ಅಂದುಕೊಳ್ಳಬೇಡಿ. ಪಿಜಿ ಸೀಟಿಗೆ ಎರಡು ಸಲ ಬರೆದ, ಈಗಲೂ ಓದುತ್ತಿದ್ದಾನೆ. ಆದರೆ ಮಧ್ಯೆ ಕೈ ಖಾಲಿಯಾದಾಗ ಯಾವುದೋ ನರ್ಸಿಂಗ್ ಹೋಮಿನಲ್ಲಿ ರಾತ್ರಿ ಡ್ಯೂಟಿ ಮಾಡಿದರೆ ದುಡ್ಡು ಬರುತ್ತಿತ್ತು. ನನಗೆ ಹಾಗೆ ಮಧ್ಯದಲ್ಲಿ ಇಳಿಯಲು ಸ್ಟಾಪೇ ಇಲ್ಲ. ನಾಲ್ಕನೇ ವರ್ಷಕ್ಕೆ ಬಿಟ್ಟರೆ ನಾನು ಮತ್ತೆ ಬರೀ ಎಂಎಸ್ಸಿ. ಜನ ಹೆದರೋದು ಕಮ್ಮಿ ದುಡ್ಡಿಗಲ್ಲ, ಇದಕ್ಕೆ.

ಇಷ್ಟು ಹೇಳಿ ಇನ್ನೊಂದನ್ನು ಹೇಳದಿದ್ದರೆ ಸುಳ್ಳಾಗುತ್ತದೆ. ನನ್ನ ಕೆಲಸ ಹಣ್ಣಿನ ನೊಣದ ಮೇಲೆ. ಬಾಳೆಹಣ್ಣು ಕೊಳೆತಾಗ ಮುತ್ತುತ್ತದಲ್ಲ, ಅದೇ. ಮೆಕ್ಕೆಜೋಳದ ಹಿಟ್ಟು, ಸಕ್ಕರೆ, ಯೀಸ್ಟ್, ಅಗರ್ ಹಾಕಿ ದೊಡ್ಡ ಪಾತ್ರೆಯಲ್ಲಿ ಗಂಜಿ ಕುದಿಸಿ ಅವಕ್ಕೆ ಊಟ ಮಾಡುತ್ತೇವೆ. ವಾಸನೆ ಶರ್ಟಿನಿಂದ ಹೋಗಲ್ಲ. ಹತ್ತು ದಿನಕ್ಕೆ ಒಂದು ತಲೆಮಾರು. ಮೂರನೇ ವರ್ಷದಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಕತ್ತಲು ಕೋಣೆಯಲ್ಲಿ ಕೂತು ಮರಿಯ ಮಿದುಳು ನೋಡುತ್ತಿದ್ದೆ. ಹಸಿರು ಹೊಳೆಯಬಾರದ ಜಾಗದಲ್ಲಿ ಎರಡೇ ಎರಡು ಕೋಶ ಹೊಳೆಯುತ್ತಿದ್ದವು. ಒಂದು ಮರಿಯಲ್ಲಲ್ಲ, ಎಂಟರಲ್ಲಿ ಎಂಟೂ. ಆ ಹೊತ್ತಿಗೆ ಅದು ಭೂಮಿಯ ಮೇಲೆ ನನಗೊಬ್ಬನಿಗೇ ಗೊತ್ತಿದ್ದ ಸಂಗತಿ. ಹೊರಗೆ ಬಂದು ಸೆಕ್ಯೂರಿಟಿಯವರಿಗೆ ಹೇಳಿದೆ. "ಒಳ್ಳೇದಾಯ್ತು ಸಾರ್, ಟೀ ಕುಡಿತೀರಾ?" ಅಂದರು. ಕುಡಿದೆ.

ಆ ಹುಡುಗಿಗೆ ಬೇಕಿದ್ದರೆ ದಾರಿ ಇದೆ. ಐಸರ್‌ಗಳು, ಅಂದರೆ ವಿಜ್ಞಾನದ ಓದು, ಸಂಶೋಧನೆಗೆ ಅಂತಲೇ ಇರುವ ಕೇಂದ್ರ ಸರ್ಕಾರದ ಸಂಸ್ಥೆಗಳು, 2006ರಿಂದ ಶುರುವಾಗಿ ಈಗ ಏಳಿವೆ. ಪಿಯು ಆದ ಮೇಲೆ ನೇರ ಐದು ವರ್ಷದ ಬಿಎಸ್–ಎಂಎಸ್. ಬೆಂಗಳೂರಿನ ಐಐಎಸ್‌ಸಿಯಲ್ಲಿ 2011ರಿಂದ ನಾಲ್ಕು ವರ್ಷದ ಪದವಿ ಇದೆ. ಐಸರ್‌ನ ಪ್ರವೇಶ ಪರೀಕ್ಷೆ ಐಎಟಿ. ಜೀವಶಾಸ್ತ್ರ, ರಸಾಯನ, ಭೌತ, ಗಣಿತ ಒಂದೊಂದರಲ್ಲಿ 15 ಪ್ರಶ್ನೆ. ಗಣಿತ ಅಂದೆ, ಗಮನಿಸಿ. ನೀಟ್ ಬ್ಯಾಚಿನಲ್ಲಿ ಗಣಿತ ಪಾಸಾದರೆ ಸಾಕು ಅಂತ ಬಿಡಿಸಿಬಿಡುತ್ತಾರೆ. ಅಲ್ಲೇ ಈ ಕಡೆಯ ಬಾಗಿಲು ಮುಚ್ಚಿತು. ಹದಿನಾರು ವರ್ಷಕ್ಕೆ, ಯಾರಿಗೂ ಗೊತ್ತಾಗದ ಹಾಗೆ. ನಿಮ್ಮ ಹುಡುಗಿ ಗಣಿತ ಓದುತ್ತಿದ್ದಾಳಾ?

ಎರಡೆಕರೆ_ಅಡಿಕೆ

ನಾನು ಅಪ್ಪನ ಕಡೆಯಿಂದ ಮಾತಾಡುತ್ತೇನೆ. ನನಗೂ ಪಿಯುಸಿ ಓದುವ ಮಗಳಿದ್ದಾಳೆ.

ನಿಮ್ಮ ಮಾತೆಲ್ಲ ಸರಿ ಮಾಷ್ಟ್ರೇ. ಎರಡೆಕರೆ ತೋಟ. ಎಲೆಚುಕ್ಕೆ ರೋಗ ಬಂದು ಫಸಲು ಅರ್ಧವಾಗಿದೆ. ಔಷಧಿ ಹೊಡೆಯುವವರ ಕೂಲಿ ಕೊಟ್ಟು ಉಳಿಯೋದು ಅಷ್ಟರಲ್ಲೇ. ಈ ರೋಗಕ್ಕೆ ಮದ್ದು ಹುಡುಕುವವರು ಬೇಕು ಅನ್ನೋದು ನನಗಿಂತ ಜಾಸ್ತಿ ಯಾರಿಗೆ ಗೊತ್ತು? ಆದರೆ ಹುಡುಕುವವಳು ನನ್ನ ಮಗಳೇ ಆಗಲಿ ಅನ್ನಲು ಧೈರ್ಯ ಬರಲ್ಲ. ಇದ್ದದ್ದು ಹೇಳಿದೆ.

ನೀಟಿಗೆ ಓದಿ ಎಂಬಿಬಿಎಸ್ ಸಿಗದಿದ್ದರೆ ಆಯುರ್ವೇದ, ಅದಿಲ್ಲದಿದ್ದರೆ ನರ್ಸಿಂಗ್, ಫಿಸಿಯೋ. ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ ಇಳಿಯಬಹುದು, ಬೀಳೋದಿಲ್ಲ. ಇಪ್ಪತ್ತೆಂಟು ವರ್ಷದವರೆಗೆ ಮಗಳು ಓದುತ್ತಾಳೆ, ಆಮೇಲೂ ಕೆಲಸ ಗ್ಯಾರಂಟಿ ಇಲ್ಲ ಅಂದರೆ ನೆಂಟರ ಬಾಯಿ ಮುಚ್ಚಿಸುವವರು ಯಾರು? ನೀವು ಬರುತ್ತೀರಾ?

ಇನ್ನೊಂದು. 2019ರಲ್ಲಿ ಅರಳಗೋಡಿನಲ್ಲಿ ಮಂಗನ ಕಾಯಿಲೆಗೆ ಜನ ಸತ್ತರಲ್ಲ, ನಮ್ಮ ಅತ್ತೆಯ ಮನೆ ಅಲ್ಲಿಂದ ಹತ್ತಿರ. ಜ್ವರ ಬಂದವರನ್ನು ಮಣಿಪಾಲಕ್ಕೆ ಹೊತ್ತುಕೊಂಡು ಹೋದದ್ದು, ಅಲ್ಲಿ ಯಾರು ನೋಡಿದರು, ಯಾರು ಏನು ಹೇಳಿದರು ಎಲ್ಲ ನೆನಪಿದೆ. ಆ ಡಾಕ್ಟರ ಮುಖ ಈಗಲೂ ಗುರುತು ಹಿಡಿಯುತ್ತೇನೆ. ರಕ್ತವನ್ನು ಎಲ್ಲೋ ಲ್ಯಾಬಿಗೆ ಕಳಿಸಿದರು. "ರಿಪೋರ್ಟ್ ಬಂತು" ಅಂದರು, ಅಷ್ಟೇ. ಪರೀಕ್ಷೆ ಮಾಡಿದವರು ಗಂಡಸೋ ಹೆಂಗಸೋ ಅಂತಲೂ ಗೊತ್ತಿಲ್ಲ. ಹಾಗಿದ್ದ ಮೇಲೆ ನಮ್ಮ ಮಕ್ಕಳು ಯಾರ ಹಾಗೆ ಆಗಬೇಕು ಅಂತಾರೆ?

ದನದ_ಡಾಕ್ಟ್ರು

ಎಲ್ಲರೂ ಜನರ ಡಾಕ್ಟರು, ಪಿಎಚ್‌ಡಿ ಅಂತ ಎರಡೇ ಹಿಡಿದುಕೊಂಡು ಕೂತಿದ್ದೀರಿ. ಉಣುಗು ಬೇಕು ಅನ್ನೋಳಿಗೆ ಪಶುವೈದ್ಯ ಓದು ಯಾಕೆ ಹೇಳಲಿಲ್ಲ? ಶಿವಮೊಗ್ಗದಲ್ಲೇ ಕಾಲೇಜಿದೆ. ಪರೋಪಜೀವಿಗಳ ಬಗ್ಗೆ ಅಂತಲೇ ಒಂದು ವಿಭಾಗ ಇರುತ್ತದೆ. ಕೈಯಲ್ಲಿ ಕಸುಬೂ ಇರುತ್ತದೆ, ಹುಡುಕಾಟಕ್ಕೂ ದಾರಿ.

ಅವಳಿಗೆ ಒಂದು ಮಾತು ತಿಳಿಸಿ. ಮರಿಯಿಂದ ದೊಡ್ಡದಾಗುವವರೆಗೂ ದನದ ಮೈಮೇಲೇ ಉಳಿಯುವ ಉಣುಗಿನ ಜಾತಿ ಒಂದಿದೆ. ಮಂಗನ ಕಾಯಿಲೆ ಹರಡುವುದು ಅದಲ್ಲ, ಬೇರೆ ಜಾತಿ. ಆ ಬೇರೆ ಜಾತಿಯ ಮರಿ ಕಾಡಿನ ಇಲಿಯಂಥ ಚಿಕ್ಕ ಪ್ರಾಣಿ, ಹಕ್ಕಿ, ಮಂಗ ಇಂಥವುಗಳ ಮೇಲೆ ಹತ್ತುತ್ತದೆ, ಕೆಳಗೆ ಬೀಳುತ್ತದೆ, ಪೊರೆ ಕಳಚುತ್ತದೆ. ದೊಡ್ಡದಾದ ಮೇಲೆ ದನದಂಥ ದೊಡ್ಡ ಪ್ರಾಣಿ ಬೇಕು. ಅವಳ ಬಾಟಲಿಯಲ್ಲಿ ಮರಿಯೂ ದೊಡ್ಡದೂ ಒಟ್ಟಿಗೆ ಸಿಕ್ಕಿದೆ ಅಂದರೆ ಬಹುಶಃ ಮೊದಲನೆಯ ಜಾತಿ. ನೋಡಿ ಹೇಳಬೇಕು. ಮತ್ತೆ ಬರಿಗೈಯಲ್ಲಿ ಕೀಳಬಾರದು, ಚಿಮಟ ಕೊಡಿಸಿ. ಕಾಡಿಗೆ ಹೋಗುವಾಗ ಮೈಗೆ ಹಚ್ಚುವ ಎಣ್ಣೆ ಆರೋಗ್ಯ ಇಲಾಖೆಯವರು ಕೊಡುತ್ತಾರೆ, ಅದನ್ನು ಸುಮ್ನೆ ಕಪಾಟಿನಲ್ಲಿ ಇಡಬೇಡಿ ಅನ್ನಿ.

ಸುಮ್ನೆ_ಓದುಗ

ನಾನು ಒಂದು ಪದ ಬರೆದದ್ದಕ್ಕೆ ಎಲ್ಲರೂ ಇಷ್ಟುದ್ದ ಬರೆದಿರಿ. ಹೆಚ್ಚುಕಮ್ಮಿ ಅದನ್ನೇ ಅಲ್ವಾ?

ಆರನೇ_ವರ್ಷದ_ಪಿಎಚ್‌ಡಿ

ಅಲ್ಲ ಗುರುವೇ. 2024ರಲ್ಲಿ 23 ಲಕ್ಷಕ್ಕೂ ಹೆಚ್ಚು ಜನ ನೀಟ್ ಬರೆದರು. ಎಂಬಿಬಿಎಸ್ ಸೀಟು ಒಂದು ಲಕ್ಷ ಚಿಲ್ಲರೆ. ಬರೀ ದುಡ್ಡಿನ ಲೆಕ್ಕ ಹಾಕುವವರು ಇಂಥ ಲಾಟರಿಗೆ ಎರಡೆರಡು ವರ್ಷ ಕಟ್ಟುತ್ತಿರಲಿಲ್ಲ. ದಾರಿ ಕಾಣುತ್ತಿದೆ ಅಂತ ಹೋಗುತ್ತಾರೆ.

ಬಯಾಲಜಿ_ಮೇಷ್ಟ್ರು

ಪರೀಕ್ಷೆ ಕೆಲಸದಲ್ಲಿ ಉತ್ತರ ಬರೆಯಲು ತಡವಾಯಿತು. ಎಲ್ಲರದೂ ಓದಿದೆ. ಅಡಿಕೆಯವರ ಮಾತನ್ನು ಎರಡು ಸಲ ಓದಿದೆ. ನೆಂಟರ ಬಾಯಿ ಮುಚ್ಚಿಸಲು ನನ್ನ ಕೈಯಲ್ಲಾಗಲ್ಲ, ಒಪ್ಪಿದೆ.

ಪಿಎಚ್‌ಸಿ ಡಾಕ್ಟರು ಹೇಳಿದ ಹಾಗೆ ಅವಳನ್ನೇ ಕೇಳಿದೆ. ಶನಿವಾರ ಪ್ರಾಕ್ಟಿಕಲ್ ಮುಗಿಸಿ ಸ್ಲೈಡ್ ತೊಳೆಯುತ್ತಿದ್ದಳು. ಈರುಳ್ಳಿ ಬೇರಿನ ತುದಿ. ಸೊಗಸಾಗಿ ಮಾಡಿದ್ದಳು, ಕೋಶ ಇಬ್ಭಾಗವಾಗೋದು ಪಾಠದ ಚಿತ್ರಕ್ಕಿಂತ ಚೆನ್ನಾಗಿ ಕಾಣುತ್ತಿತ್ತು. ಯಾಕಮ್ಮಾ ನೀಟೇ ಅಂತ ಹಟ, ಉಣುಗಿನ ಬಗ್ಗೆಯೇ ಓದಬಹುದಲ್ಲ ಅಂದೆ.

ನಲ್ಲಿ ನಿಲ್ಲಿಸಿದಳು. "ನಾನು ಕೇಳಿದ್ದೆ ಸರ್. ಫಸ್ಟ್ ಪಿಯುಸಿಯಲ್ಲೇ. ಇಂಥದನ್ನೇ ಓದ್ಬೇಕು ಅಂದ್ರೆ ಯಾವ ಕಾಲೇಜಿಗೆ ಹೋಗ್ಬೇಕು, ಯಾವ ಪರೀಕ್ಷೆ ಬರೀಬೇಕು ಅಂತ. ನೀವು, ಅದೆಲ್ಲ ಆಮೇಲೆ ನೋಡೋಣ, ಮೊದ್ಲು ನೀಟಿಗೆ ಓದು ಅಂದ್ರಿ."

ನನಗೆ ನೆನಪೇ ಇಲ್ಲ. ಆದರೆ ಹೇಳಿರುತ್ತೇನೆ. ಅದು ನನ್ನ ಬಾಯಲ್ಲಿ ಬರುವ ಮಾತೇ.

ಕಾಲೇಜಿನ ಗೇಟಿನ ಮೇಲೆ ಪ್ರತಿ ವರ್ಷ ಒಂದು ಫ್ಲೆಕ್ಸ್ ಹಾಕುತ್ತೇವೆ. ನೀಟ್‌ನಲ್ಲಿ, ಅದಕ್ಕೆ ಮೊದಲು ಸಿಇಟಿಯಲ್ಲಿ, ಸೀಟು ಸಿಕ್ಕ ಮಕ್ಕಳ ಫೋಟೋ, ಹೆಸರು, ಅಂಕ. ಹೆಸರಿನ ಕಾಗುಣಿತ ತಪ್ಪಿಲ್ಲದ ಹಾಗೆ ನೋಡಿಕೊಡುವವನು ನಾನೇ. ಹತ್ತೊಂಬತ್ತು ವರ್ಷದಿಂದ. ಐಸರ್ ಅನ್ನುವ ಪದವನ್ನು ನಾನು ಒಂದು ಕ್ಲಾಸಿನಲ್ಲೂ ಹೇಳಿದ್ದಿಲ್ಲ. ಕೇಳಿ ಗೊತ್ತಿತ್ತು, ನಮ್ಮ ಮಕ್ಕಳಿಗಲ್ಲ ಅನ್ನಿಸಿತ್ತು. ಯಾಕೆ ಹಾಗನ್ನಿಸಿತು ಅಂದರೆ ಉತ್ತರ ಇಲ್ಲ. ನಾನೂ ಎಂಎಸ್ಸಿ ಆದ ಮೇಲೆ ಮೈಸೂರಿನಲ್ಲಿ ಪಿಎಚ್‌ಡಿಗೆ ಅಂತ ಆರು ತಿಂಗಳು ಓಡಾಡಿ, ಪಿಯು ಲೆಕ್ಚರರ್ ಆರ್ಡರ್ ಬಂದ ದಿನವೇ ಬಸ್ ಹತ್ತಿದವನು.

ಗಣಿತ ಓದುತ್ತಿದ್ದಾಳೆ. ಅವರಪ್ಪನಿಗೆ ಭಾನುವಾರ ಹೋಗಿ ಹೇಳಿ ಬಂದೆ. ನೀಟೂ ಬರೆಯಲಿ, ಇದನ್ನೂ ಬರೆಯಲಿ, ಸೇರೋದು ಬಿಡೋದು ರಿಸಲ್ಟ್ ಬಂದ ಮೇಲೆ ಅಂತ. ಅವರು ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಕವಳ ಹಾಕಿಕೊಂಡು ಅಂಗಳಕ್ಕೆ ಹೋಗಿ ಬಂದು, "ಎರಡು ಪರೀಕ್ಷೆಗೂ ಒಂದೇ ಫೀಸಾ?" ಅಂದರು. ಬಾಟಲಿ ಈಗ ನನ್ನ ಮೇಜಿನ ಮೇಲಿದೆ. ದನದ ಡಾಕ್ಟ್ರೇ, ಶಿವಮೊಗ್ಗಕ್ಕೆ ಬಂದಾಗ ತರುತ್ತೇನೆ, ನೋಡಿ ಜಾತಿ ಹೇಳಿ.

ಪಿಎಚ್‌ಡಿಯವರೇ, ಐಎಟಿ ಅರ್ಜಿ ಬಿಟ್ಟ ಕೂಡಲೇ ಇಲ್ಲಿ ಒಂದು ಸಾಲು ಹಾಕಿ. ಪರೀಕ್ಷಾ ಕೇಂದ್ರ ಶಿವಮೊಗ್ಗದಲ್ಲಿ ಸಿಗುತ್ತದಾ, ಇಲ್ಲಾ ಮಂಗಳೂರಿಗೇ ಹೋಗಬೇಕಾ? ಮಂಗಳೂರಾದರೆ ಹಿಂದಿನ ದಿನವೇ ಹೊರಡಬೇಕು. ಬೆಳಗ್ಗಿನ ಹಾಲು ಕರೆಯಲು ಯಾರನ್ನಾದರೂ ಗೊತ್ತು ಮಾಡಬೇಕು ಅಂತ ಅವರಪ್ಪ ಈಗಲೇ ಕೇಳುತ್ತಿದ್ದಾರೆ.